ತಮ್ಮ ಕ್ಲಾಸಿಗೆ ತಾವೇ ಸೇರಿದ ನೀರಜಾ ಮೇಡಂ

ಹೈಸ್ಕೂಲಿನಲ್ಲಿ ಕಾಲೇಜು ಮಟ್ಟದ ಪಾಠ ಹೇಳುವ ಪ್ರತಿಯೊಬ್ಬ ಶಿಕ್ಷಕರೂ ಸ್ನಾತಕೋತ್ತರ ತರಬೇತಿ ಪಡೆದಿರತಕ್ಕದ್ದು ಎಂದು ನಮ್ಮ ಅರ್ಹತಾ ಪ್ರಾಧಿಕಾರವು 2023ರಲ್ಲಿ ಆದೇಶ ಹೊರಡಿಸಿತು. ಪ್ರಾಧಿಕಾರದ ಕಡತಗಳು ಸ್ಯಾನ್ ಡಿಯಾಗೋದಲ್ಲಿವೆ, ಸಹಿ ಹಾಕುವವರು ಲಾಸ್ ಏಂಜಲೀಸಿನಲ್ಲಿದ್ದಾರೆ, ನಡುವೆ ಟ್ರಾಫಿಕ್ ಇದೆ. ಹಾಗಾಗಿ ನಮ್ಮ ಆದೇಶಗಳು ತಡವಾಗಿ ಹುಟ್ಟುತ್ತವೆ, ಆದರೆ ಒಮ್ಮೆ ಹುಟ್ಟಿದರೆ ಸಾಯುವುದಿಲ್ಲ. ನಾನು ಸಿದ್ಧಲಿಂಗೇಶ, ಇಲ್ಲಿನ ಸಹಾಯಕ ಅರ್ಹತಾಧಿಕಾರಿ. ಕನ್ನಡದವರು ಪಿಕ್‌ನಿಕ್ಕಿನಲ್ಲಿ ಬಿಸಿಬೇಳೆಬಾತ್ ತಿನ್ನುತ್ತಾ ನನ್ನ ಬಗ್ಗೆ ಏನೇನೋ ಆಡಿಕೊಳ್ಳುತ್ತಿರುವುದರಿಂದ, ನಡೆದದ್ದನ್ನು ನಡೆದ ಹಾಗೇ ಹೇಳಿಬಿಡುತ್ತೇನೆ.

ಲಾಸ್ ಏಂಜಲೀಸ್ ಪಕ್ಕದ ಟೊರೆನ್ಸಿನ ಒಂದು ಹೈಸ್ಕೂಲಿನಲ್ಲಿ ನೀರಜಾ ಮೇಡಂ ಕಾಲೇಜು ಮಟ್ಟದ ಕ್ಯಾಲ್ಕುಲಸ್ ಹೇಳಿಕೊಡುತ್ತಿದ್ದರು. ವರ್ಷದ ಕೊನೆಯ ಪರೀಕ್ಷೆ ಪಾಸಾದ ಮಕ್ಕಳಿಗೆ ಹೈಸ್ಕೂಲಿನಲ್ಲಿದ್ದಾಗಲೇ ಕಾಲೇಜಿನ ಕ್ರೆಡಿಟ್ ಸಿಗುತ್ತಿತ್ತು. ಮೇಡಂ ಮೈಸೂರಿನ ಎಂ.ಎಸ್ಸಿ., ಅದರ ಮೇಲೆ ಚಿನ್ನದ ಪದಕ. ಅವರ ಪಾಠದ ಕ್ರಮ ವಿಚಿತ್ರ. ಡಬ್ಬಿಯಲ್ಲಿ ಚಕ್ಕುಲಿ ತಂದು, ಚೂರು ಚೂರು ಮುರಿದು, "ಚಕ್ಕುಲಿ ಎಷ್ಟೇ ಸುತ್ತಿಕೊಂಡಿರಲಿ, ಸಾಕಷ್ಟು ಸಣ್ಣ ಚೂರು ಮಾಡಿ, ನೆಟ್ಟಗೇ ಕಾಣುತ್ತೆ. ಇಷ್ಟೇ ಕ್ಯಾಲ್ಕುಲಸ್ಸು" ಅನ್ನುತ್ತಿದ್ದರು. ಲೆಕ್ಕ ಅಂದರೆ ಜ್ವರ ಬರುತ್ತಿದ್ದ ಮಕ್ಕಳೂ ಚೂರು ತಿನ್ನುತ್ತಾ ಪಾಸಾಗುತ್ತಿದ್ದರು. ಇದನ್ನು ಪ್ರಾಧಿಕಾರವು ಅನಧಿಕೃತ ಯಶಸ್ಸು ಎಂದು ಪರಿಗಣಿಸಿ, ಮೇಡಂ ಅವರನ್ನು ಕ್ಲಾಸಿನಿಂದ ಹೊರಗಿಟ್ಟಿತು. ಅವರ ಮಗಳು ಪ್ರಣತಿ ಅದೇ ಕ್ಲಾಸಿನಲ್ಲಿದ್ದಳು. ಆದರೆ ಪ್ರಾಧಿಕಾರಕ್ಕೆ ಹೆಣ್ಣುಮಕ್ಕಳಿಲ್ಲ.

ಮೇಡಂ ನನಗೆ ಫೋನ್ ಮಾಡಿದರು. ನಾನು ಅವರನ್ನು ಆಫೀಸಿನ ಹೊತ್ತಿನಲ್ಲಿ ಮೇಡಂ ಎಂದೂ ಊಟದ ಹೊತ್ತಿನಲ್ಲಿ ಅಕ್ಕ ಎಂದೂ ಕರೆಯುತ್ತೇನೆ. ಇದು ಆಫೀಸಿನ ಹೊತ್ತು.

"ಲಿಂಗೇಶ, ನನ್ನ ಎಂ.ಎಸ್ಸಿ.ಗೆ ಏನು ರೋಗ ಬಂತೋ?"

"ಸಮುದ್ರ ದಾಟಿ ಬಂದ ಪದವಿಗಳು ದಾರಿಯಲ್ಲಿ ಮೆತ್ತಗಾಗಿರುವ ಸಂಭವ ಇದೆಯಂತೆ, ಮೇಡಂ. ನೀವು ತರಬೇತಿಗೆ ಅಪ್ಲೈ ಮಾಡಿ, ಗರಿಗರಿ ಮಾಡಿಕೊಡ್ತೀವಿ."

"ಅಲ್ಲೀವರೆಗೆ ನನ್ನ ಮಕ್ಕಳಿಗೆ ಪಾಠ ಯಾರು ಮಾಡ್ತಾರೆ?"

ಅದಕ್ಕೂ ನಾವು ವ್ಯವಸ್ಥೆ ಮಾಡಿದ್ದೆವು. ಆ ಶಾಲೆಯ ಫುಟ್‌ಬಾಲ್ ಕೋಚ್ ರಾಮಿರೆಜ್ ಅವರು ಕ್ರೀಡಾ ನಿರ್ವಹಣೆಯಲ್ಲಿ ಇಲ್ಲಿಯದೇ ಮಾಸ್ಟರ್ಸ್ ಮಾಡಿದ್ದರು. ಮಾಸ್ಟರ್ಸ್ ಅಂದರೆ ಮಾಸ್ಟರ್ಸ್, ಯಾವುದರಲ್ಲಿ ಎಂದು ಕೇಳುವುದು ಅಸಭ್ಯತೆ. ಕೋಚ್ ಬಹಳ ಒಳ್ಳೆಯ ಮನುಷ್ಯ. ಮೊದಲ ದಿನ ಪುಸ್ತಕ ತೆರೆದು, ಅದರ ಉದ್ದುದ್ದ ಚಿಹ್ನೆಗಳನ್ನು ನೋಡಿ, "ಇದರಲ್ಲಿ ಗೋಲು ಯಾವ ಕಡೆ?" ಎಂದು ವಿನಯದಿಂದ ಮಕ್ಕಳನ್ನೇ ವಿಚಾರಿಸಿದರಂತೆ.

ಮೇಡಂ ಅಪ್ಲೈ ಮಾಡಿದರು. ಕ್ಯಾಲ್ಕುಲಸ್ ವಿಭಾಗಕ್ಕೆ ಬಂದದ್ದು ಅದೊಂದೇ ಅರ್ಜಿ. ಈಗ ಅವರಿಗೆ ತರಬೇತಿ ಕೊಡುವ ಪ್ರೊಫೆಸರ್ ಬೇಕಲ್ಲ? ನಿಯಮದ ಪ್ರಕಾರ ಪ್ರೊಫೆಸರ್ ಆದವರು ಹೈಸ್ಕೂಲಿನಲ್ಲಿ ಕಾಲೇಜು ಮಟ್ಟದ ಕ್ಯಾಲ್ಕುಲಸ್ ಹೇಳಿ ಹೆಸರು ಮಾಡಿರಬೇಕು. ಎರಡೂ ಊರುಗಳಲ್ಲಿ ಜಾಲಾಡಿದೆವು. ನೇಮಕಾತಿ ವಿಭಾಗದವರಿಗೆ ಸಿಕ್ಕಿದ್ದು ಒಬ್ಬರೇ: ಟೊರೆನ್ಸಿನ ಶ್ರೀಮತಿ ನೀರಜಾ. ಪದವಿ ಮೆತ್ತಗಾಗಿದೆಯೆಂದು ನಾನು ಜ್ಞಾಪಿಸಿದೆ. ಅದು ಪ್ರವೇಶ ವಿಭಾಗದ ಹವಾಮಾನ, ನಮ್ಮಲ್ಲಿ ಒಣಹವೆ ಎಂದು ಅವರು ಉತ್ತರಿಸಿದರು. ನಾನು ಒಪ್ಪಿದೆ.

ಹೀಗೆ ಮೇಡಂ ಸ್ಯಾನ್ ಡಿಯಾಗೋ ಶಾಖೆಯಲ್ಲಿ ಪ್ರೊಫೆಸರಾಗಿಯೂ ಲಾಸ್ ಏಂಜಲೀಸ್ ಶಾಖೆಯಲ್ಲಿ ವಿದ್ಯಾರ್ಥಿನಿಯಾಗಿಯೂ ದಾಖಲಾದರು. ಕ್ಲಾಸು ಜೂಮಿನಲ್ಲಿ. ಅವರ ಊಟದ ಟೇಬಲ್ಲಿನ ಆ ತುದಿಗೊಂದು ಲ್ಯಾಪ್‌ಟಾಪು, ಈ ತುದಿಗೊಂದು. ಗುರುಶಿಷ್ಯರು ಒಂದೇ ಕುರ್ಚಿಯಲ್ಲಿ ಕೂರುವುದು ನಿಷಿದ್ಧವಾದ್ದರಿಂದ, ಮೇಡಂ ಈ ತುದಿಯಲ್ಲಿ ಕೈಯೆತ್ತಿ ಪ್ರಶ್ನೆ ಕೇಳಿ, ಟೇಬಲ್ ಸುತ್ತಿ ಓಡಿಹೋಗಿ ಆ ತುದಿಯಲ್ಲಿ "ಒಳ್ಳೆ ಪ್ರಶ್ನೆ" ಎಂದು ಮೆಚ್ಚಿ, ಉತ್ತರ ಹೇಳಿ, ಮತ್ತೆ ಓಡಿಬಂದು ಬರೆದುಕೊಳ್ಳುತ್ತಿದ್ದರು.

ಅವರ ಯಜಮಾನರು ಇಂದುಧರ, ಪಕ್ಕದ ಎಲ್ ಸೆಗುಂಡೋ ಊರಿನಲ್ಲಿ ವಿಮಾನದ ಕಂಪನಿಯ ಇಂಜಿನಿಯರು. ದೋಸೆ ತಿನ್ನುತ್ತಾ ಇದನ್ನೆಲ್ಲ ನೋಡಿ, "ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗಾಯ್ತು. ನಮ್ಮ ಆಫೀಸಲ್ಲೂ ಇದೇ ಪ್ರೋಸೆಸ್ಸು" ಎಂದು ಸಮಾಧಾನಪಟ್ಟುಕೊಂಡರು.

ತಪಾಸಣೆಗೆಂದು ನಾನೇ ಹೋಗಿದ್ದೆ. ವಿದ್ಯಾರ್ಥಿನಿ ಒಮ್ಮೆ ಆಕಳಿಸಿದರು. ಪಾಠ ನೀರಸವೆಂದು ಪ್ರೊಫೆಸರ್ ಮೇಲೂ, ಗುರುಗಳಿಗೆ ಅಗೌರವವೆಂದು ವಿದ್ಯಾರ್ಥಿನಿ ಮೇಲೂ ಷರಾ ಬರೆದೆ. ನನಗೆ ಭೇದಭಾವ ಇಲ್ಲ.

"ಅಂಕಲ್, ದಿಸ್ ಈಸ್ ಕ್ರೇಜಿ!" ಎಂದಳು ಪ್ರಣತಿ. ಕೋಚ್ ಕ್ಲಾಸಿನಲ್ಲಿ ಉತ್ತರ ಗೊತ್ತಿಲ್ಲದವರು ಪುಷ್‌ಅಪ್ ಹೊಡೆಯಬೇಕಂತೆ. ಕೋಚ್ ನ್ಯಾಯವಂತರು, ಅವರೂ ಹೊಡೆಯುತ್ತಾರಂತೆ. ಇಡೀ ಕ್ಲಾಸಿಗೆ ತೋಳು ಬಂದಿದೆ, ಕ್ಯಾಲ್ಕುಲಸ್ ಬಂದಿಲ್ಲ ಎಂಬುದು ಅವಳ ಇಂಗ್ಲಿಷಿನ ಸಾರಾಂಶ.

ಮೇಡಂ ಎರಡು ಕುರ್ಚಿಗಳ ನಡುವೆ ನಿಂತುಬಿಟ್ಟರು. "ಕೊನೆ ಪರೀಕ್ಷೆ ಹತ್ತಿರ ಬಂತು ಲಿಂಗೇಶ. ಇಷ್ಟು ವರ್ಷ ಒಂದು ಮಗೂನೂ ಫೇಲಾಗೋಕೆ ಬಿಟ್ಟವಳಲ್ಲ. ಹೊಟ್ಟೆ ಉರಿಯುತ್ತೆ ಕಣೋ. ಬೇಗ ಸರ್ಟಿಫಿಕೇಟ್ ಕೊಟ್ಟು ನನ್ನ ಮಕ್ಕಳ ಹತ್ತಿರ ಕಳಿಸು."

ಊಟದ ಹೊತ್ತಾಗಿತ್ತು. "ಆಯ್ತಕ್ಕ" ಎಂದೆ.

ಮೇಡಂ ಪಾಸಾದರು. ಪ್ರಾಧಿಕಾರದ ಸಭೆಯಲ್ಲಿ ಪ್ರೊಫೆಸರ್ ನೀರಜಾ ಅವರು ವಿದ್ಯಾರ್ಥಿನಿ ನೀರಜಾ ಅವರಿಗೆ ಸರ್ಟಿಫಿಕೇಟ್ ಪ್ರದಾನ ಮಾಡಿದರು. ಕೈಕುಲುಕುವಾಗ ಸ್ವಲ್ಪ ತಿಣುಕಾಡಿದರೂ ಫೋಟೋ ಚೆನ್ನಾಗಿ ಬಂದಿದೆ. ಮೇಡಂ ಚಕ್ಕುಲಿ ಡಬ್ಬಿ ಹಿಡಿದು ಅಲ್ಲಿಂದಲೇ ಶಾಲೆಗೆ ಹೊರಟಿದ್ದರು. ನಾನು ತಡೆದೆ.

"ಮೇಡಂ, ನೀವೀಗ ಸ್ನಾತಕೋತ್ತರ ಪ್ರೊಫೆಸರು. ಹೈಸ್ಕೂಲಿಗೆ ಹೋದರೆ ಹಿಂಬಡ್ತಿ ಆಗುತ್ತೆ. ತಪ್ಪು ಮಾಡದವರಿಗೆ ಹಿಂಬಡ್ತಿ ಕೊಡೋ ಹಾಗಿಲ್ಲ."

"ಹಾಗಾದರೆ ತಪ್ಪು ಮಾಡ್ತೀನಿ! ಯಾವುದು ಹೇಳು, ಈಗಲೇ ಮಾಡ್ತೀನಿ!"

"ತಪ್ಪು ಮಾಡಿದವರನ್ನ ಮಕ್ಕಳ ಹತ್ತಿರ ಬಿಡೋಕಾಗುತ್ತಾ, ಮೇಡಂ?"

ಅವರು ಡಬ್ಬಿ ಮುಚ್ಚಿದರು. ನನಗೂ ಪಿಚ್ಚೆನಿಸಿತು, ಸುಳ್ಳೇಕೆ ಹೇಳಲಿ. ಆದರೆ ಪ್ರಾಧಿಕಾರ ಕಲ್ಲುಮನಸ್ಸಿನದಲ್ಲ. ತಾತ್ಕಾಲಿಕವಾಗಿ ಪಾಠ ಹೇಳುತ್ತಿರುವ ಕೋಚ್ ಕೂಡ ತರಬೇತಿ ಪಡೆಯಲೇಬೇಕು ಎಂದು ತಕ್ಷಣ ಇನ್ನೊಂದು ಆದೇಶ ಹೊರಡಿಸಿದೆವು. ಪ್ರೊಫೆಸರ್ ಯಾರೆಂದು ಹೇಳಬೇಕಾಗಿಲ್ಲ.

ಈಗ ಎಲ್ಲ ಸುಸೂತ್ರವಾಗಿ ನಡೆದಿದೆ. ಸಂಜೆ ಮೇಡಂ ಕೋಚ್‌ಗೆ ಪಾಠ ಹೇಳುತ್ತಾರೆ, ಬೆಳಗ್ಗೆ ಕೋಚ್ ಅದನ್ನೇ ಮಕ್ಕಳಿಗೆ ಒಪ್ಪಿಸುತ್ತಾರೆ. ಚಕ್ಕುಲಿ ಡಬ್ಬಿಯನ್ನು ಪ್ರಣತಿಯೇ ಶಾಲೆಗೆ ಹೊರುತ್ತಾಳೆ. ಸ್ನಾತಕೋತ್ತರ ಪ್ರೊಫೆಸರು ಹೈಸ್ಕೂಲ್ ಮಕ್ಕಳಿಗೆ ನೇರವಾಗಿ ಏನನ್ನೂ ಕಲಿಸಕೂಡದು ಎಂಬ ನಿಯಮ ಮಾತ್ರ ಮನೆಯೊಳಗೂ ಅನ್ವಯಿಸುತ್ತದೆ.

ಪರೀಕ್ಷೆಯ ಹಿಂದಿನ ಸಂಜೆ ನಾನು ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಪ್ರಣತಿ ಟೇಬಲ್ಲಿನ ಈ ತುದಿಯಲ್ಲಿ ಒಂದು ಲೆಕ್ಕಕ್ಕೆ ಸಿಕ್ಕಿಹಾಕಿಕೊಂಡಿದ್ದಳು. ಅಮ್ಮ ಆ ತುದಿಯಲ್ಲಿ ತುಟಿ ಕಚ್ಚಿ ಕೂತಿದ್ದರು. ಹುಡುಗಿ ಕೋಚ್‌ಗೆ ಮೆಸೇಜ್ ಹಾಕಿದಳು. ಕೋಚ್ ಪ್ರೊಫೆಸರ್‌ಗೆ ಫೋನ್ ಮಾಡಿದರು. ಪ್ರೊಫೆಸರ್ ಫೋನಿನಲ್ಲಿ ಬಿಡಿಸಿ ಬಿಡಿಸಿ ಹೇಳಿದರು. ಪ್ರಣತಿಗೆ ಎಲ್ಲ ಕೇಳಿಸುತ್ತಿತ್ತು, ಆದರೂ ಕೋಚ್ ಮೆಸೇಜ್ ಬರುವವರೆಗೆ ಪೆನ್ನು ಮುಟ್ಟಲಿಲ್ಲ. ಒಳ್ಳೆಯ ಸಂಸ್ಕಾರದ ಹುಡುಗಿ. ಮೆಸೇಜ್ ಬಂತು, ಲೆಕ್ಕ ಸರಾಗವಾಗಿ ಬಿಡಿಸಿ ಹಾಳೆಯನ್ನು ಅಮ್ಮನಿಗೆ ಕಾಣುವ ಹಾಗೆ ಇಟ್ಟಳು.

ಮೇಡಂ ಹಾಳೆ ನೋಡಿದರು. ಬಾಯಿ ತೆರೆದರು. ನನ್ನ ಕಡೆ ನೋಡಿ ಮುಚ್ಚಿದರು. ಆಮೇಲೆ ಫೋನೆತ್ತಿ, "ಕೋಚ್, ಆ ಹುಡುಗಿಗೆ ಶಭಾಷ್ ಅಂತ ಹೇಳಿ" ಎಂದರು.

ಪ್ರಣತಿಯ ಫೋನು ಟಿಣ್ ಅಂದಿತು. ಅವಳು ಓದಿಕೊಂಡಳು, ಅಮ್ಮನ ಮುಖವನ್ನೇ ನೋಡುತ್ತಾ, "ಥ್ಯಾಂಕ್ಯೂ, ಕೋಚ್" ಎಂದಳು.

ನಿಯಮಭಂಗವೇನೂ ಆಗಿರಲಿಲ್ಲ. ಇಂದುಧರ ನನಗೆ ಇನ್ನೆರಡು ಚಕ್ಕುಲಿ ಹಾಕಿದರು.