ಪೈಪು ಮಾರಿದ ಮೇಲೆ

ಬಳಸಲೂ ಆಗದ, ಬಿಡಲೂ ಆಗದ ಸಾಮಾನು ಪ್ರತಿ ಮನೆಯಲ್ಲೂ ಒಂದಾದರೂ ಇರುತ್ತದೆ. ಕೆಲವರ ಮನೆಯಲ್ಲಿ ಅದು ಹಾರ್ಮೋನಿಯಂ, ಕೆಲವರ ಮನೆಯಲ್ಲಿ ಬಟ್ಟೆ ಒಣಹಾಕಲು ಮಾತ್ರ ಉಪಯೋಗಕ್ಕೆ ಬರುವ ವ್ಯಾಯಾಮದ ಸೈಕಲ್ಲು. ನಮ್ಮ ಮನೆಯಲ್ಲಿ ತಂಬಾಕು ಸೇದುವ ಪೈಪುಗಳಿದ್ದವು. ಒಂದಲ್ಲ, ನಾಲ್ಕು. ನಾನು ಕನ್ನಡ, ತೆಲುಗು ಎರಡೂ ನಡೆಯುವ ಗಡಿಯೂರು ರಾಯದುರ್ಗದಲ್ಲಿ ವಕೀಲ. ಜಮೀನು ಮಾರಬೇಕೋ ಇಟ್ಟುಕೊಳ್ಳಬೇಕೋ ಎಂದು ಕೇಳಿಕೊಂಡು ಬರುವವರಿಗೆ ಚಹಾ ಆರುವಷ್ಟರಲ್ಲಿ ಸಲಹೆ ಕೊಟ್ಟು ಕಳಿಸಿದ್ದೇನೆ. ನನ್ನ ಸ್ವಂತ ಪೈಪುಗಳ ವಿಷಯದಲ್ಲಿ ಮಾತ್ರ ತೀರ್ಪು ವರ್ಷಗಟ್ಟಲೆ ಮುಂದಕ್ಕೆ ಹೋಗುತ್ತಲೇ ಇತ್ತು.

ಪೈಪಿನ ಹುಚ್ಚು ಹತ್ತಿದ್ದು ವಕೀಲಿಕೆಯ ಹೊಸದರಲ್ಲಿ. ಅನಂತಪುರದಲ್ಲಿ ಒಬ್ಬ ಹಿರಿಯ ವಕೀಲರಿದ್ದರು. ಕಕ್ಷಿದಾರ ಏನಾದರೂ ಕಷ್ಟದ ಪ್ರಶ್ನೆ ಕೇಳಿದರೆ ಅವರು ಉತ್ತರ ಕೊಡುತ್ತಿರಲಿಲ್ಲ. ನಿಧಾನವಾಗಿ ಪೈಪಿಗೆ ತಂಬಾಕು ತುಂಬುವರು, ಹೆಬ್ಬೆರಳಿನಿಂದ ಒತ್ತುವರು, ಕಡ್ಡಿ ಗೀರಿ ಎರಡು ಸಲ ಎಳೆದು ಸೂರನ್ನು ನೋಡುವರು. ಅಷ್ಟರಲ್ಲಿ ಕಕ್ಷಿದಾರನೇ ತನ್ನ ಪ್ರಶ್ನೆಗೆ ಒಂದು ಉತ್ತರ ಹುಡುಕಿಕೊಂಡು, ಇಂಥ ಬುದ್ಧಿವಂತರು ಇನ್ನೊಬ್ಬರಿಲ್ಲ ಎಂದು ಕೈಮುಗಿದು ಹೋಗುವನು. ವಕೀಲಿಕೆಯ ಗುಟ್ಟು ಕಾನೂನು ಪುಸ್ತಕದಲ್ಲಿಲ್ಲ, ಇದರಲ್ಲಿದೆ ಎಂದುಕೊಂಡು ಬಳ್ಳಾರಿಗೆ ಹೋಗಿ ನಾನೂ ಒಂದು ಕೊಂಡು ತಂದೆ. ಆದರೆ ನನ್ನ ಪೈಪು ಹತ್ತುತ್ತಿರಲಿಲ್ಲ. ಹತ್ತಿದರೆ ಉಳಿಯುತ್ತಿರಲಿಲ್ಲ. ಡಿ. ಹಿರೇಹಾಳಿನ ಕಕ್ಷಿದಾರರೊಬ್ಬರು ನನ್ನೆದುರು ಕೂತು, ನಾನು ಕಡ್ಡಿಯ ಮೇಲೆ ಕಡ್ಡಿ ಗೀರುವುದನ್ನು ಬಹಳ ಹೊತ್ತು ನೋಡಿ, ಕೊನೆಗೆ ಕಳವಳದಿಂದ, "ವಕೀಲ್ರ, ನನ್ನ ಕೇಸೂ ಹಿಂಗ ನಡಬರಕ ಆರಿ ಹೋಗ್ತೈತೇನ್ರಿ?" ಎಂದು ಕೇಳಿದರು.

ಆಮೇಲೆ ಉಳಿದ ಮೂರು ಎಲ್ಲಿಂದ ಬಂದವು ಎನ್ನುವಿರೋ? ಜನರ ಕಣ್ಣಿಗೆ ಒಮ್ಮೆ ಪೈಪಿನವನಾಗಿ ಬಿದ್ದರೆ ಮುಗಿಯಿತು, ಪ್ರೀತಿಯುಳ್ಳವರೆಲ್ಲ ಪೈಪನ್ನೇ ಕೊಡುತ್ತಾರೆ. ಮದುವೆಗೊಂದು ಬಂತು, ಗೃಹಪ್ರವೇಶಕ್ಕೊಂದು ಬಂತು, ಮಗಳು ಹುಟ್ಟಿದಾಗೊಂದು ಬಂತು. ಮಗು ಹುಟ್ಟಿದ ಮನೆಗೆ ಪೈಪು ಕೊಟ್ಟವರ ತರ್ಕ ನನಗೆ ಇಂದಿಗೂ ತಿಳಿದಿಲ್ಲ. ಅತ್ತ ಡಾಕ್ಟರು ಹೊಗೆ ಬೇಡವೆಂದರು, ಇತ್ತ ನಮ್ಮ ಊರಿನ ಅಂಗಡಿಗಳಲ್ಲಿ ಬೀಡಿ ಸಿಗುತ್ತದೆಯೇ ಹೊರತು ಪೈಪಿನ ತಂಬಾಕು ಸಿಗುವುದಿಲ್ಲ. ಕೇಸು ಗೆದ್ದ ದಿನ ಮಾತ್ರ ಹಚ್ಚುವುದೆಂದು ನಿಯಮ ಮಾಡಿಕೊಂಡೆ. ಹೀಗಾಗಿ ನಾಲ್ಕೂ ಪೈಪು ಹೊಸದರ ಹಾಗೇ ಉಳಿದುಬಿಟ್ಟವು.

ನನ್ನ ಹೆಂಡತಿ ರತ್ನಮ್ಮ ಮಡಕಶಿರಾ ಕಡೆಯವಳು. ನಮ್ಮ ಕಡೆ "ಬರ್ರಿ, ಕುಂದರ್ರಿ" ಎಂದರೆ ಅವಳ ಕಡೆ "ಬನ್ನಿ, ಕುಂತ್ಕಳಿ" ಎನ್ನುತ್ತಾರೆ. ಇಷ್ಟು ವರ್ಷದಲ್ಲಿ ನಮ್ಮಿಬ್ಬರ ಕನ್ನಡ ಒಂದಾಗಲಿಲ್ಲ, ಜಗಳ ಮಾತ್ರ ಎರಡರಲ್ಲೂ ಚೆನ್ನಾಗಿ ನಡೆಯುತ್ತದೆ. ಪೈಪುಗಳು ಬೀರುವಿನಲ್ಲಿ ಅವಳ ಸೀರೆಗಳ ಪಕ್ಕದ ಅರೆಯಲ್ಲಿದ್ದವು. ಕೆಲವು ತಿಂಗಳ ಹಿಂದೆ ಒಂದು ದಿನ ಅವಳು ರೇಷ್ಮೆ ಸೀರೆಯೊಂದನ್ನು ತೆಗೆದು ಮೂಸಿ, ಮುಖ ಕಿವುಚಿ, ಅದನ್ನು ನನ್ನ ಮೂಗಿಗೂ ಹಿಡಿದಳು.

"ಮದ್ವೆ ಮನೇಗೆ ಇದನ್ನುಟ್ಕಂಡು ಓದ್ರೆ ಜನ ನನ್ನನ್ನೇ ಬೀಡಿ ಸೇದ್ತಾಳೆ ಅಂದ್ಕಂತಾರೆ. ಸೇದಿ, ಇಲ್ಲಾ ಮಾರಿ. ಎರಡ್ರಲ್ಲಿ ಒಂದ್ ಮಾಡಿ. ಈ ಸಲ ನಮ್ಮೂರಿಗೆ ಓಗೋದ್ರೊಳಗೆ ಅವು ಈ ಮನೇಲಿರಬಾರ್ದು."

ಬಹುಕಾಲದ ಸ್ವಾಧೀನ, ಕೊಟ್ಟವರ ಪ್ರೀತಿ, ಕುಶಲ ಕೆಲಸಗಾರಿಕೆ ಎಂದು ನಾನು ವಾದ ಮಂಡಿಸಿದೆ. ಅವಳು ಬೀರು ಮುಚ್ಚಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಪೈಪುಗಳು ಹೊರಗಿದ್ದವು.

ಮಾರುವ ಹೊಣೆಯನ್ನು ನಮ್ಮ ಗುಮಾಸ್ತ ರುದ್ರಪ್ಪ ಹೊತ್ತುಕೊಂಡ. "ನೀವು ಸುಮ್ನಿರ್ರಿ ಸಾಹೇಬ್ರ, ನಾ ಗ್ರೂಪಿನ್ಯಾಗ ಹಾಕ್ತೀನಿ" ಎಂದು ಫೋನಿನಲ್ಲಿ ಒತ್ತಿಯೇಬಿಟ್ಟ. ಫೋಟೋ ಹೋಗಲಿಲ್ಲ, ಬರಹ ಮಾತ್ರ ಹೋಯಿತು: "ವಕೀಲರ ಮನೆಯ ಪೈಪುಗಳು ಮಾರಾಟಕ್ಕಿವೆ. ಹೆಚ್ಚು ಬಳಸಿಲ್ಲ." ಬೋರು ಕೊರೆಸುವುದೇ ಜೀವನವಾಗಿರುವ ಸೀಮೆಯಲ್ಲಿ ಇಂಥ ಒಂದು ಸಾಲು ಹೋದರೆ ಏನಾಗುತ್ತದೆಂದು ನಮಗಿಬ್ಬರಿಗೂ ಹೊಳೆಯಲಿಲ್ಲ. ಮರುದಿನ ಬೆಳಗಾಗುವುದರೊಳಗೆ ಫೋನು ಬಡಿದುಕೊಳ್ಳತೊಡಗಿತು. ಒಬ್ಬರು ತೆಲುಗಿನಲ್ಲಿ "ಎನ್ನಿ ಇಂಚುಲು ಸಾರ್?" ಎಂದರೆ, ಬೊಮ್ಮನಹಾಳದ ಇನ್ನೊಬ್ಬರು ಕನ್ನಡದಲ್ಲಿ ಅದನ್ನೇ, ಎಷ್ಟು ಇಂಚಿನವು ಎಂದು ಕೇಳಿದರು.

ನಾನು ಪ್ರಾಮಾಣಿಕವಾಗಿ ಅಳೆದು, "ಆರಿಂಚು" ಎಂದೆ.

"ಆರಿಂಚ! ಕೇಸಿಂಗ್ ಪೈಪೇನ್ರಿ? ಉದ್ದ ಎಷ್ಟೈತಿ?"

"ಉದ್ದವೇ ಆರಿಂಚು ರೀ."

"ಆರಿಂಚ್ ಉದ್ದದ ಪೈಪಿನಾಗ ನೀರು ಎಲ್ಲಿಂದ ಎಲ್ಲಿಗೆ ಒಯ್ತೀರ್ರಿ?"

"ನೀರಲ್ಲಪ್ಪಾ, ಹೊಗೆ."

ಫೋನು ಕಟ್ಟಾಯಿತು. ನೇಮಕಲ್ಲಿನವರೊಬ್ಬರು ಶನಿವಾರ ಆಂಜನೇಯನಿಗೆ ಕಾಯಿ ಒಡೆಸಿ ನೇರವಾಗಿ ಲಗೇಜ್ ಆಟೋ ತರುವುದಾಗಿ ಹೇಳಿದರು. ಅವರನ್ನು ತಡೆಯುವಷ್ಟರಲ್ಲಿ ನನಗೂ ರುದ್ರಪ್ಪನಿಗೂ ಸಾಕುಬೇಕಾಯಿತು. ಇನ್ನು ಈ ಮಾರಾಟದ ಸಹವಾಸವೇ ಬೇಡ, ಕಚೇರಿಯ ಕಪಾಟಿನಲ್ಲಿಟ್ಟರಾಯಿತು ಎಂದು ಒಳಗೊಳಗೇ ಸಂತೋಷಪಡುತ್ತಿದ್ದಾಗ ಮಡಕಶಿರಾದಿಂದ ಒಂದು ಫೋನು ಬಂತು. ತಿಪ್ಪೇಸ್ವಾಮಿ ಎಂದು ಹೆಸರು, ನಿವೃತ್ತ ಹೆಡ್‌ಮಾಸ್ತರರಂತೆ.

"ಸಾರ್, ನೀವು ಮಾರ್ತಿರೋದು ಬಾವಿಗಿಕ್ಕೋ ಪೈಪಾ, ಬಾಯಿಗಿಕ್ಕಳೋ ಪೈಪಾ?"

"ಬಾಯಿಗೆ."

"ಅಂಗಾರೆ ನಾಲ್ಕೂ ನಂಗಿರ್ಲಿ. ಬೇರೆಯವ್ರಿಗೆ ಕೊಡ್ಬೇಡಿ."

ರತ್ನಮ್ಮನಿಗೆ ಇದು ಶುಭಶಕುನದ ಹಾಗೆ ಕಂಡಿತು. ಅವಳ ತವರಿಗೆ ಹೋಗುವುದು ಮಡಕಶಿರಾ ಮೇಲೆಯೇ. ಅಲ್ಲಿಂದ ಅಮರಾಪುರದ ದಾರಿಯಲ್ಲಿ ಸ್ವಲ್ಪ ದೂರ. ತವರಿಗೆ ಮುಟ್ಟುವ ಮೊದಲೇ ಪೈಪು ಕೈಬಿಡಬೇಕೆನ್ನುವುದಕ್ಕೆ ಅವಳಿಗೆ ಇನ್ನೊಂದು ಕಾರಣವಿತ್ತು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಅವಳ ತಮ್ಮ ಹನುಮಂತರಾಯನದು ಹಿಪ್ಪುನೇರಳೆ ತೋಟ, ರೇಷ್ಮೆ ಹುಳ ಸಾಕುವ ಮನೆತನ. ರೇಷ್ಮೆ ಹುಳಕ್ಕೆ ತಂಬಾಕು ಎಂದರೆ ವಿಷ. ಹೊಗೆ ಬೇಕಿಲ್ಲ, ತಂಬಾಕು ಮುಟ್ಟಿದ ಕೈಯಿಂದ ಸೊಪ್ಪು ಮುಟ್ಟಿದರೂ ಹುಳ ತಲೆಯೆತ್ತಿ, ವಾಂತಿ ಮಾಡಿ ಸಾಯುತ್ತದೆ. ನಾನು ಮದುವೆಯಾದ ಹೊಸದರಲ್ಲಿ ಅಂಗಿಯ ಜೇಬಿನಲ್ಲಿ ಪೈಪು ಸಿಕ್ಕಿಸಿಕೊಂಡು, ಅಳಿಯನ ಗತ್ತಿನಲ್ಲಿ ಆ ಮನೆಗೆ ಹೋಗಿದ್ದೆ. ಮಾವನವರಿಗೆ ದಿಗಿಲು. ಹೊಸ ಅಳಿಯನಿಗೆ ಹೊರಗೆ ನಿಲ್ಲಿ ಎನ್ನುವಂತಿಲ್ಲ, ಒಳಗೆ ಬನ್ನಿ ಎಂದರೆ ಒಂದಿಡೀ ಬೆಳೆ ಹೋಗುತ್ತದೆ. ಕೊನೆಗೆ ಅವರು, "ಒಳಗೆ ಸೆಕೆ ಬುದ್ಧಿ, ಉಣಸೇ ಮರದ್ ತಾವ ತಂಪಾಗೈತೆ" ಎಂದು ಮರದ ಕೆಳಗೆ ಮಂಚ ಹಾಕಿಸಿದರು. ಅದು ಮಾಘಮಾಸ, ನನಗೆ ನಡುಕ. ಅಂದಿನಿಂದ ಆ ಊರಿಗೆ ಹೋದಾಗಲೆಲ್ಲ ನನ್ನ ಜಾಗ ಆ ಮಂಚ. ಊಟ, ಕಾಫಿ, ಪೇಪರು ಎಲ್ಲ ಅಲ್ಲಿಗೇ ಬರುತ್ತಿದ್ದವು. ಹುಳುಮನೆಯ ಬಾಗಿಲನ್ನು ಕೂಡ ನಾನು ಹತ್ತಿರದಿಂದ ನೋಡಿರಲಿಲ್ಲ.

ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಮಡಕಶಿರಾ ಸೇರಿದಾಗ ಮಧ್ಯಾಹ್ನ. ರತ್ನಮ್ಮ ಹೂವಿನ ಅಂಗಡಿಯ ಕಡೆ ಹೋದಳು. ನಾನು ಚೀಲ ಹಿಡಿದು ಮಾಸ್ತರರ ಮನೆ ಹುಡುಕಿದೆ. ಅವರು ಜಗಲಿಯಲ್ಲೇ ಕಾಯುತ್ತಿದ್ದರು. ಸಣಕಲು ಆಳು, ಎದೆಯಲ್ಲಿ ಉಬ್ಬಸದ ಸದ್ದು. ನಾಲ್ಕನ್ನೂ ಪಂಚೆಯ ಮೇಲೆ ಸಾಲಾಗಿ ಇಟ್ಟುಕೊಂಡು, ಒಂದನ್ನೆತ್ತಿ ಖಾಲಿಯೇ ಬಾಯಿಗಿಟ್ಟು ಬೀದಿಯ ಕಡೆ ನೋಡಿದರು.

"ಬೆಂಕಿ ಇಕ್ಕಲ್ಲ ಸಾರ್" ಎಂದರು. "ಡಾಕ್ಟ್ರು ಬೀಡಿ ಬಿಡಿಸವ್ರೆ. ಇನ್ನೊಂದ್ ಬೀಡಿ ಸೇದಿದ್ರೆ ನನ್ನ ತಾವ ಬರ್ಬೇಡ ಅಂದವ್ರೆ. ಬಾಯಿ ಎಂಗೋ ಮಾತು ಕೇಳ್ತದೆ, ಈ ಕೈ ಕೇಳಲ್ಲ ಸಾರ್. ಬಾಯಿ ತಾವಕ್ಕೋಗಿ ಬತ್ತದೆ, ಓಗಿ ಬತ್ತದೆ. ಅದಕ್ಕೊಂದು ಕೆಲ್ಸ ಬೇಕಲ್ಲ."

ಅವರ ಬಾಯಲ್ಲಿ ನನ್ನ ಪೈಪನ್ನು ನೋಡಿದ ಕ್ಷಣ ನನಗೇನೋ ಆಯಿತು. ಅದು ಅಲ್ಲಿ ಬಹಳ ಚೆನ್ನಾಗಿ ಕಾಣುತ್ತಿತ್ತು. ನನ್ನ ಬಾಯಲ್ಲಿ ಎಂದೂ ಹಾಗೆ ಕಂಡಿರಲಾರದು. ಮಾರಲು ಬಂದವನು ನಾನು ಮಾರದಿರುವುದಕ್ಕೆ ವಾದ ಶುರು ಮಾಡಿದೆ. ಇದರ ಹಿಡಿ ಸ್ವಲ್ಪ ಸಡಿಲ ಎಂದೆ. ಅದು ಹಲ್ಲಿಗೆ ಒತ್ತುತ್ತದೆ ಎಂದೆ. ಖಾಲಿ ಪೈಪು ಬಾಯಿಗಿಟ್ಟರೆ ತಂಬಾಕಿನ ನೆನಪು ಇನ್ನೂ ಹೆಚ್ಚಾಗಬಹುದಲ್ಲ ಎಂದು ವೈದ್ಯಶಾಸ್ತ್ರವನ್ನೂ ಎಳೆದು ತಂದೆ. ನನ್ನ ಇಡೀ ವೃತ್ತಿಯಲ್ಲಿ ಅಷ್ಟು ನಿರರ್ಗಳವಾಗಿ ವಾದಿಸಿದ್ದು ನೆನಪಿಲ್ಲ. ಒಳಗಿನಿಂದ ಅವರ ಹೆಂಡತಿ ಬಾಗಿಲಿಗೆ ಬಂದು ನಿಂತರು.

"ಕೊಟ್ಬಿಡಿ ಅಣ್ಣ" ಎಂದರು. "ಎರಡು ತಿಂಗಳಿಂದ ಮನೇಲಿರೋ ಪೆನ್ನು, ಕಡ್ಡಿ, ಚಮಚ ಎಲ್ಲಾ ಕಚ್ಚಿ ಆಳ್ ಮಾಡವ್ರೆ. ರಾತ್ರಿ ಕೆಮ್ಮು ಕೇಳೋಕಾಗಲ್ಲ. ಇದ್ರಲ್ಲಾದ್ರೂ ಉಳ್ಕಂಡ್ರೆ ಸಾಕು."

"ಒಂದು ನನಗಿಟ್ಟುಕೊಂಡು ಮೂರು ಕೊಡಲಾ?" ಎಂದು ಕೊನೆಯ ಅರ್ಜಿ ಹಾಕಿದೆ.

ಮಾಸ್ತರರು ನಗಲಿಲ್ಲ. "ನಾಲ್ಕೂ ಕೊಡಿ ಸಾರ್. ಒಂದು ಎಲ್ಲಾದ್ರೂ ಇಟ್ಟು ಮರೆತ್ರೆ ಇನ್ನೊಂದು ಕೈಗೆ ಸಿಗ್ಬೇಕು. ಸಿಗ್ದಿದ್ರೆ ಸೀದಾ ಬೀಡಿ ಅಂಗ್ಡಿಗೆ ಓಗ್ತೀನಿ, ನನ್ನ ಬುದ್ಧಿ ನಂಗೊತ್ತು."

ನಾಲ್ಕನ್ನೂ ಬಿಟ್ಟು, ಕೊಟ್ಟಷ್ಟು ತೆಗೆದುಕೊಂಡು, ಅವರಾಕೆ ಕೊಟ್ಟ ಮಜ್ಜಿಗೆ ಕುಡಿದು ಎದ್ದೆ. ಬೀದಿಯ ತಿರುವಿನಲ್ಲಿ ನಿಂತು ಒಮ್ಮೆ ನೋಡಿದೆ. ಅವರು ಪೈಪನ್ನು ಬಾಯಿಂದ ತೆಗೆದು ನನಗೆ ಕೈಯೆತ್ತಿದರು. ನನ್ನ ಚೀಲ ಹಗುರವಾಗಿತ್ತು. ಮನಸ್ಸೂ ಹಗುರವಾಯಿತು ಎಂದು ಬರೆಯಬಹುದು, ಆದರೆ ಆಗಿರಲಿಲ್ಲ.

ತವರಿನ ಅಂಗಳಕ್ಕೆ ಕಾಲಿಟ್ಟ ಕೂಡಲೇ ರತ್ನಮ್ಮ ಸಾರಿಬಿಟ್ಟಳು: "ನಿಮ್ ಭಾವ ಪೈಪೆಲ್ಲಾ ಮಾರಿದ್ರು ಕಣೋ! ಇನ್ಮೇಲೆ ತಂಬಾಕು ಮುಟ್ಟಲ್ಲ."

ಹನುಮಂತರಾಯ ಅವಸರದಲ್ಲಿ ಎಲ್ಲಿಗೋ ಹೊರಟವನು ನಿಂತ. "ನಿಜವಾ ಭಾವ?"

"ಹೂಂ" ಎಂದೆ, ಸ್ವಲ್ಪ ತ್ಯಾಗದ ಧ್ವನಿಯಲ್ಲಿ.

ಅವನ ಮುಖ ಅರಳಿತು. "ಅಮ್ಮಾ, ಭಾವಂಗೆ ಬಿಸ್ನೀರು ಬಿಡು!" ಎಂದು ಕೂಗಿದ. ಇಷ್ಟು ವರ್ಷದ ಮೇಲೆ ಅಳಿಯನಿಗೆ ಸಿಗಬೇಕಾದ ಮರ್ಯಾದೆ ಸಿಗುತ್ತಿದೆಯೆಂದು ನನಗೆ ಕಣ್ಣು ತುಂಬಿತು. ಸ್ನಾನ ಮಾಡಿ ಬಂದರೆ ಹಳೆಯ ಪಂಚೆ, ಹಳೆಯ ಬನಿಯನ್ನು ಸಿದ್ಧವಾಗಿದ್ದವು. ಅವುಗಳನ್ನುಟ್ಟ ನನ್ನನ್ನು ಅವನು ಕೈಹಿಡಿದು, ಹುಳಕ್ಕೆ ಸೋಂಕು ತಗುಲದಿರಲೆಂದು ಸುಣ್ಣದ ಪುಡಿ ತುಳಿಸಿ, ಹುಳುಮನೆಯೊಳಕ್ಕೆ ಕರೆದುಕೊಂಡು ಹೋದ. ತೋರಿಸಲು ಎಂದುಕೊಂಡೆ. ಅವನು ಕಡ್ಡಿಸಮೇತ ಇದ್ದ ಸೊಪ್ಪಿನ ಒಂದು ಹೊರೆಯನ್ನು ನನ್ನ ತೋಳಿಗೆ ಹಾಕಿದ.

"ಒಳ್ಳೆ ಟೈಮಿಗೆ ಬಂದ್ರಿ ಭಾವ. ಉಳ ನಾಲ್ಕನೇ ಸಲ ಪೊರೆ ಬಿಟ್ಟು ಜ್ವರದಿಂದ ಎದ್ದವ್ವೆ, ಇನ್ನೊಂದ್ ವಾರ ತಿನ್ನೋದೇ ತಿನ್ನೋದು. ಆಳುಗಳು ಕೈ ಕೊಟ್ರು. ಆ ಸಾಲು ನಿಮ್ದು, ಈ ಸಾಲು ಅಕ್ಕಂದು. ತೆಳ್ಳಗೆ ಆಸಿ, ಉಳ ಕೆಳಕ್ಕೆ ಬೀಳ್ದಂಗೆ."

ರೇಷ್ಮೆ ಹುಳದಷ್ಟು ಹೊಟ್ಟೆಬಾಕ ಪ್ರಾಣಿಯನ್ನು ನಾನು ಕಂಡಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಸೊಪ್ಪು ಹಾಸಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಈ ತುದಿಯಲ್ಲಿ ಬರೀ ಕಡ್ಡಿ. ಕೋರ್ಟಿನಲ್ಲಿ ನೂರು ಜನ ಗುಮಾಸ್ತರು ಒಟ್ಟಿಗೆ ಹಳೇ ಕಡತ ಮಗುಚಿದ ಹಾಗೆ ಸದ್ದು. ಪಕ್ಕದ ಸಾಲಿನಲ್ಲಿ ರತ್ನಮ್ಮ ಸೆರಗು ಸಿಕ್ಕಿಸಿ ಸರಸರನೆ ಸಾಗುತ್ತಿದ್ದಳು. ಅವಳು ತವರಿಗೆ ಬಂದಾಗಲೆಲ್ಲ ಇದನ್ನೇ ಮಾಡುತ್ತಿದ್ದಳೆಂದು ನನಗೆ ತಿಳಿದದ್ದು ಆಗ. ತವರಿನಿಂದ ಮರಳಿದ ಮೇಲೆ ಅವಳೇಕೆ ಎರಡು ದಿನ ಮಲಗುತ್ತಾಳೆಂದು ನಾನು ತಲೆ ಕೆಡಿಸಿಕೊಂಡಿರಲಿಲ್ಲ.

"ಮದ್ವೆಯಾದಾಗಿಂದ ಇಬ್ರೂ ಒಟ್ಟಿಗೆ ಒಂದ್ ಕೆಲ್ಸ ಮಾಡ್ತಿರೋದು ಇದೇ ಮೊದ್ಲು, ಅಲ್ವಾ?" ಎಂದಳು, ತಿರುಗಿ ನೋಡದೆ. ಧ್ವನಿ ಮೆತ್ತಗಿತ್ತು. ಚೆಂದದ್ದೇನಾದರೂ ಹೇಳಬೇಕೆನಿಸಿತು. ಉಸಿರು ಸಾಲಲಿಲ್ಲ.

ಮೂರು ದಿನಕ್ಕೆಂದು ಹೋದವರು ಹುಳ ಗೂಡಿಗೆ ಏರುವವರೆಗೆ ಉಳಿದೆವು. ಹೊರಡುವ ದಿನ ಹನುಮಂತರಾಯ ಬಸ್ಸಿನವರೆಗೂ ಬಂದು, "ಮುಂದಿನ್ ಬೆಳೆಗೆ ಫೋನ್ ಮಾಡ್ತೀನಿ ಭಾವ, ನಿಮ್ ಕೈ ಒಳ್ಳೇದು" ಎಂದ. ನಾನು ಸಹಜವಾಗಿ ಕೇಳುವವನ ಹಾಗೆ, "ಅಲ್ಲಯ್ಯಾ, ಈ ಹುಳಕ್ಕೆ ತಂಬಾಕೊಂದೇನಾ ಆಗದಿರೋದು?" ಎಂದೆ.

"ಅಯ್ಯೋ, ಘಾಟು ಅಂಬೋದೇ ಆಗಲ್ಲ ಭಾವ. ಊದುಬತ್ತಿ ಆಗಲ್ಲ, ಸೆಂಟು ಆಗಲ್ಲ. ಸೆಂಟು ಒಡ್ಕಂಡೋರ್ನ ನಾವು ಬಾಗ್ಲಲ್ಲೇ ನಿಲ್ಲಿಸ್ತೀವಿ."

ಮುಂದಿನ ಬೆಳೆಯ ಫೋನು ಮೊನ್ನೆ ಬಂತು. ನಿನ್ನೆ ಸಂಜೆ ರಾಯದುರ್ಗದ ಬಜಾರಿನಲ್ಲಿ, ಪರಿಚಯದ ಫ್ಯಾನ್ಸಿ ಅಂಗಡಿಗೆ ಹೋಗಿ ಸೆಂಟು ಕೇಳಿದೆ. ಅಂಗಡಿಯವರು ಕನ್ನಡಕದ ಮೇಲಿಂದ ನನ್ನ ನರೆಗೂದಲನ್ನು ನೋಡಿದರು.

"ಯಾಕ್ರಿ ವಕೀಲ್ರ, ಈ ವಯಸ್ಸಿನ್ಯಾಗ ಸೆಂಟು?"

"ಹೆಂಡ್ತಿ ಊರಿಗೆ ಹೊಂಟೀವ್ರಿ" ಎಂದೆ.

ಅವರ ಮುಖದಲ್ಲಿ ನನ್ನ ಬಗ್ಗೆ ಹಿಂದೆಂದೂ ಕಾಣದ ಗೌರವ ಮೂಡಿತು. ದಾಂಪತ್ಯ ಅಂದರೆ ಹಿಂಗಿರಬೇಕು ನೋಡ್ರಿ ಎಂದು ಪಕ್ಕದ ಗಿರಾಕಿಗೆ ಹೇಳುತ್ತ, ಚಿಕ್ಕ ಸೀಸೆಯನ್ನು ಒಳಗಿಟ್ಟು ದೊಡ್ಡದನ್ನೇ ಕಟ್ಟಿಕೊಟ್ಟರು.