ಹಾಟ್‌ಬಾಕ್ಸಿನೊಳಗಿನ ಹರಳು

“ಕಿವಿಗೊಟ್ಟು ಕೇಳಿ ಮೇಡಂ! ಅಲೆಯನ್ನ ಅಳಿಸಿಬಿಟ್ಟು ಅದರ ನಡುಕ ಮಾತ್ರ ಉಳಿಸೋ ಯಂತ್ರ ಇದು!” ಎಂದು ನಂಜುಂಡಯ್ಯನವರು ಸ್ಪೀಕರಿನ ತಲೆ ತಟ್ಟಿದರು.

ಅವರ ತಮ್ಮನ ಮಗಳು ಇಂದುಮತಿ ಅಡುಗೆಮನೆಯ ಬಾಗಿಲ ಸಂದಿಯಿಂದ ಇಣುಕಿದಳು. ಹಜಾರದ ಮೇಜಿನ ಮೇಲಿದ್ದದ್ದು ಅವಳೇ ಕಟ್ಟಿದ ಆಸಿಲೇಟರ್. ಸೆಕೆಂಡಿಗೆ ಕೋಟಿ ಸಲ ಮಿಡಿಯುವ ಪುಟ್ಟ ಡಬ್ಬಿ. ಲಯ ನಡುಗದಷ್ಟೂ ಒಳ್ಳೆಯದು. ಅದನ್ನು ಪರೀಕ್ಷಿಸಲು ಪ್ರಯೋಗಾಲಯದ ಚಿತ್ರಲೇಖಾ ಮೇಡಂ ಮನೆಗೇ ಬಂದಿದ್ದರು. ಅದರ ನಡುಕ ಅಳೆದು ತೋರಿಸಲು ದೊಡ್ಡಪ್ಪ ನಂಜುಂಡಯ್ಯ ಮತ್ತು ಚಿಕ್ಕಪ್ಪ ತಲಾ ಒಂದು ಯಂತ್ರ ಕಟ್ಟಿಟ್ಟಿದ್ದರು. ಮೆಚ್ಚಿದರೆ ಇಂದುಮತಿಗೆ ಕೆಲಸ. ಆದರೆ ಹೊರಗೆ ಬಂದು ಮಾತಾಡೆಂದರೆ ಅವಳು ಬಾಗಿಲ ಮರೆಗೇ ಸರಿಯುತ್ತಿದ್ದಳು.

“ಅಣ್ಣಯ್ಯಾ, ಕೇಳೋದಕ್ಕೆ ಇದೇನು ಸಂಗೀತಾನ? ಅಂಕಿ ಬೇಕು!” ಚಿಕ್ಕಪ್ಪ ಶೇಷಗಿರಿ ಲ್ಯಾಪ್‌ಟಾಪ್ ಮುಂದೂಡಿದರು. “ನಂದು ಡಿಜಿಟಲ್. ಎರಡು ಹರಳು ಸಾಕ್ಷಿ ಹೇಳ್ತವೆ, ಎರಡೂ ಒಪ್ಪಿದ್ದನ್ನ ಮಾತ್ರ ನಂಬ್ತೀನಿ. ಸಾವಿರ ಸಲ ಸರಾಸರಿ!”

“ಅದು ಮುಗಿಯೋ ಹೊತ್ತಿಗೆ ಮೇಡಂ ರಿಟೈರ್ ಆಗಿರ್ತಾರೆ! ನಂದು ಒಂದೇ ಹರಳು, ಒಂದೇ ಏಟು!”

ಆಸಿಲೇಟರಿನ ಲಯವನ್ನು ಹೋಲಿಸಿ ನೋಡುವುದು ಈ ಸ್ಫಟಿಕದ ಹರಳಿನ ಮಿಡಿತಕ್ಕೆ; ಹಾಗಾಗಿ ಹರಳು ಸದಾ ಒಂದೇ ಶಾಖದಲ್ಲಿರಬೇಕು. ಅದಕ್ಕೆಂದೇ ದೊಡ್ಡಪ್ಪ ತಮ್ಮ ಹರಳನ್ನು ಚಪಾತಿಯ ಹಾಟ್‌ಬಾಕ್ಸಿಗೆ ಹಾಕಿ, ಒಲೆಯ ಪಕ್ಕದಲ್ಲಿಟ್ಟು, ಹಜಾರದವರೆಗೆ ತಂತಿ ಎಳೆದಿದ್ದರು.

ಸ್ವಿಚ್ ಒತ್ತಿದ್ದೇ ತಡ, ಸ್ಪೀಕರ್ ಗುರ್ರೆಂದಿತು. ಹಿಂದೆಯೇ ಹೆಂಗಸಿನ ದನಿ!

“ಹತ್ತಕ್ಕೆ ಬರ್ತೀನಿ ಅಂದೋಳು ಎಂಟಕ್ಕೇ ವಕ್ಕರಿಸಿದಾಳೆ! ಉಟ್ಟಿರೋದೋ, ಕಿಟಕಿ ಪರದೆ!”

ಒಲೆಯ ಮುಂದೆ ಗೊಣಗುತ್ತಿದ್ದ ದೊಡ್ಡಮ್ಮನಿಗೆ ಇದರ ಪರಿವೆಯೇ ಇರಲಿಲ್ಲ. ಮೇಡಂ ತಮ್ಮ ಸೀರೆ ನೋಡಿಕೊಂಡರು.

“ಇದು... ಆಸಿಲೇಟರಿನ ನಡುಕ ಮೇಡಂ!” ಎಂದರು ದೊಡ್ಡಪ್ಪ.

“ಆಸಿಲೇಟರ್ ನನ್ನ ಸೀರೆ ನೋಡುತ್ತೇನ್ರೀ?”

ದೊಡ್ಡಪ್ಪನ ಯಂತ್ರದ ಮುಳ್ಳು ತುದಿ ಮುಟ್ಟಿತ್ತು: ನಡುಕ ಭಯಂಕರ! ಚಿಕ್ಕಪ್ಪನ ಪರದೆಯಲ್ಲಿ ನಡುಕ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ.

“ಒಂದು ಕೆಟ್ಟದು ಅನ್ನುತ್ತೆ, ಇನ್ನೊಂದು ಒಳ್ಳೇದು ಅನ್ನುತ್ತೆ. ನಾನೇನು ಬರ್ಕೊಳ್ಳಲಿ?” ಮೇಡಂ ಚೀಲ ಹೆಗಲಿಗೇರಿಸಿ ಎದ್ದರು.

ಒಳಗೆ ಇಂದುಮತಿಗೆ ಕೆಲಸ ಕೈತಪ್ಪಿದಂತೆಯೇ ಕಂಡಿತು. ಹಾಟ್‌ಬಾಕ್ಸಿನ ಪಕ್ಕ ಕುಸಿದು ತನ್ನಷ್ಟಕ್ಕೆ ಗೊಣಗಿದಳು: “ನಡುಗ್ತಿರೋದು ದೊಡ್ಡಪ್ಪನ ಹರಳು. ನಮ್ಮ ಮಾತಿಗೇ ಅದು ಅದುರ್ತಿದೆ. ಹೋಲಿಸೋಕೆ ಇರೋದು ಒಂದೇ ಹರಳಾದ್ರೆ, ತಪ್ಪು ಯಾರದು ಅಂತ ಹೇಗೆ ಗೊತ್ತಾಗುತ್ತೆ?”

ಹಜಾರದಲ್ಲಿ ಅದು ಗುಡುಗಿತು! ಮೇಡಂ ಕುಳಿತರು.

“ಯಾರಮ್ಮ ಅದು?”

ಇಂದುಮತಿ ಬೆಚ್ಚಿದಳು. ಆಮೇಲೆ ಕುತೂಹಲ ತಡೆಯಲಾರದೆ ಹಾಟ್‌ಬಾಕ್ಸಿಗೆ ಬಾಯಿ ಹತ್ತಿರ ತಂದಳು. “ಅದನ್ನ ಕಟ್ಟಿದವಳು, ಮೇಡಂ.”

“ಹೊರಗೆ ಬಂದು ಹೇಳಮ್ಮ.”

“ಇಲ್ಲಿಂದ್ಲೇ ಹೇಳ್ತೀನಿ.”

“ಸರಿ, ರುಜುವಾತು?”

“ಎರಡು ನಿಮಿಷ ಯಾರೂ ಉಸಿರೆತ್ತಬಾರದು. ಆಗ ಎರಡೂ ಯಂತ್ರ ಒಂದೇ ಅಂಕಿ ತೋರಿಸ್ಬೇಕು.”

ಆ ಮನೆಯಲ್ಲಿ, ಎರಡು ನಿಮಿಷ! ದೊಡ್ಡಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡರು. ಅಣ್ಣತಮ್ಮಂದಿರು ಮಾತು ನುಂಗಿ ಟೊಮೆಟೊ ಬಣ್ಣಕ್ಕೆ ತಿರುಗಿದರು. ಮುಳ್ಳು ಇಳಿಯಿತು, ಇನ್ನೂ ಇಳಿಯಿತು... ಚಿಕ್ಕಪ್ಪನ ಅಂಕಿಯ ಮೇಲೇ ಬಂದು ನಿಂತಿತು!

ಅದೇ ಕ್ಷಣಕ್ಕೆ ಒಗ್ಗರಣೆಯ ಸಾಸಿವೆ ಸಿಡಿಯಿತು. ಹಜಾರದಲ್ಲಿ ಹತ್ತು ಸಾವಿರದ ಸರಪಟಾಕಿ! ಸ್ಪೀಕರಿನ ಕಾಗದದ ಪೊರೆ ಕಿತ್ತು ಹಾರಿ ಮೇಡಂ ಕಾಫಿಯೊಳಗೆ ಬಿತ್ತು.

ಮೇಡಂ ಅದನ್ನು ಚಮಚದಲ್ಲಿ ಎತ್ತಿಟ್ಟು, ನಿಧಾನವಾಗಿ ವರದಿ ಬರೆದರು:

“ಆಸಿಲೇಟರಿನ ನಡುಕ: ಅತ್ಯಲ್ಪ. ಮನೆಯವರದು: ಅಳತೆಗೆ ಸಿಕ್ಕಲಿಲ್ಲ. ಹುಡುಗಿ ಸೋಮವಾರದಿಂದ ಕೆಲಸಕ್ಕೆ ಬರಲಿ. ಹಾಟ್‌ಬಾಕ್ಸ್ ಮನೆಯಲ್ಲೇ ಇರಲಿ.”