ಪಾಯಿಖಾನೆಯ ಕೊಳವೆಯವರ ಸನ್ನಿಧಿಗೆ, ಬಾಯಿ ಕಟ್ಟಿದ ವಿಚಾರವಾಗಿ

ಮಾನ್ಯರೇ,

ನೆಲದಡಿಯಲ್ಲಿದ್ದುಕೊಂಡೇ ನಮ್ಮೆಲ್ಲರ ತಲೆಯ ಮೇಲೆ ಕುಳಿತಿರುವ ತಮಗೆ, ಎರಡೆರಡು ಸಲ ಸೋಪು ಹಾಕಿ ತೊಳೆದ ಕೈಗಳಿಂದ ನಮಸ್ಕಾರಗಳು. ಎದುರಿಗೆ ನಿಂತು ದೂರು ಹೇಳಲು ನನಗೆ ಸಂಕೋಚ. ಆದ್ದರಿಂದ ಈ ಬಹಿರಂಗ ಪತ್ರ.

ಮಂಡಿಯ ಆಪರೇಷನ್ ಮುಗಿಸಿಕೊಂಡು ಅಜ್ಜಿ ನಾಲ್ಕು ಗಂಟೆಗೆ ಆಸ್ಪತ್ರೆಯಿಂದ ಬರುವವರಿದ್ದ ದಿನವನ್ನೇ, ಮನೆಗಿರುವ ಒಂದೇ ಪಾಯಿಖಾನೆಯ ಹೊಣೆ ಹೊತ್ತ ತಾವು ಕಟ್ಟಿಕೊಳ್ಳಲು ಆರಿಸಿಕೊಂಡದ್ದು ತಮ್ಮ ಸಮಯಪ್ರಜ್ಞೆಗೆ ಸಾಕ್ಷಿ. ಪ್ಲಂಬರಣ್ಣ ಊರಲ್ಲಿರಲಿಲ್ಲ. ಕೈ ಖಾಲಿಯಿದ್ದವಳು ಕೆಲಸ ಸಿಗದ ಸಾಹಿತ್ಯ ಪದವೀಧರೆ ನಾನು ಮಾತ್ರ.

ಬಿಸಿನೀರು, ಸೋಪಿನ ಪುಡಿ ಅರ್ಪಿಸಿದೆ, ಕುಡಿದು ಸುಮ್ಮನಾದಿರಿ. ಹ್ಯಾಂಗರ್ ಬಿಚ್ಚಿ ನೇರ ಮಾಡಿದ ತಂತಿ ತೂರಿಸಿದೆ, ಕಾಣಿಕೆಯೆಂದು ಇಟ್ಟುಕೊಂಡಿರಿ. ಬಂದವರನ್ನು ಹೀಗೆ ಬಿಡದೆ ಹಿಡಿದಿಟ್ಟುಕೊಳ್ಳುವ ಆತಿಥ್ಯ ಈ ಕಾಲದಲ್ಲಿ ಎಲ್ಲಿದೆ! ಕೊನೆಗೆ ಪ್ಲಂಬರಣ್ಣ ಫೋನಿನಲ್ಲಿ, "ಮೊದ್ಲು ಬಾಯಿಗೆ ಗಟ್ಟಿಯಾಗಿ ಬಟ್ಟೆ ಕಟ್ಟಮ್ಮ, ಆಮೇಲೆ ರಬ್ಬರ್ ಪಂಪ್ ಒತ್ತು" ಎಂದರು. ನನ್ನ ಆರೋಗ್ಯದ ಮೇಲೆ ಅವರಿಗಿರುವ ಕಾಳಜಿಗೆ ಕರಗಿ, ಮೂಗನ್ನೂ ಸೇರಿಸಿ ಟವೆಲ್ ಬಿಗಿದುಕೊಂಡು ಒತ್ತಿದೆ. ತಾವು ಪಕ್ಕದ ವಾಶ್‌ಬೇಸಿನ್ನಿನಲ್ಲಿ ಪ್ರತ್ಯಕ್ಷರಾಗಿ, ಅಲ್ಲಿ ಅರ್ಧ ಗಡ್ಡ ಹೆರೆದು ನಿಂತಿದ್ದ ಅಪ್ಪನ ಉಳಿದರ್ಧಕ್ಕೆ ತಮ್ಮದೇ ಕಪ್ಪು ನೊರೆ ಹಚ್ಚಿದಿರಿ.

"ನಿನ್ ಬಾಯಲ್ಲ ತಾಯಿ, ಬೇಸಿನ್ ಬಾಯಿ!" ಎಂದು ಫೋನು ಕಿರುಚಿತು. "ಐದು ವರ್ಷ ಭಾಷೆ ಓದಿದ್ದು ಇದಕ್ಕೇನೇ?" ಎಂದು ಅಪ್ಪ ಕಿರುಚಿದರು.

ಆಮೇಲೆ ಅವರೇ ಬನಿಯನ್ ಬಿಚ್ಚಿ ಬೇಸಿನ್ನಿಗೆ ತುರುಕಿ ಅದುಮಿ ಹಿಡಿದರು. ನಾನು ಹನ್ನೊಂದನೆಯ ಸಲ ಒತ್ತಿದಾಗ ತಾವು 'ಗುಳುಂ' ಎಂದಿರಿ. ಅಷ್ಟು ಅರ್ಥಗರ್ಭಿತ ಪದವನ್ನು ನಾನು ಯಾವ ಪಠ್ಯದಲ್ಲೂ ಕಂಡಿಲ್ಲ. ಅಪ್ಪ, ಮಗಳು ಒದ್ದೆ ನೆಲದಲ್ಲೇ ಕುಣಿದೆವು.

ನಾಲ್ಕೂ ಹತ್ತಕ್ಕೆ ಅಜ್ಜಿ ವಾಕರ್ ಹಿಡಿದು ನೇರ ತಮ್ಮಲ್ಲಿಗೇ ನಡೆದರು. ಮನೆಮಂದಿಯೆಲ್ಲ ಬಾಗಿಲಿಗೆ ಕಿವಿಗೊಟ್ಟೆವು. ನೀರು ಸರಾಗವಾಗಿ ಇಳಿದುಹೋದ ಸದ್ದು ಕೇಳಿ, ತಡೆಯಲಾರದೆ ಚಪ್ಪಾಳೆ ತಟ್ಟಿದೆವು. "ಮಂಡಿ ಕೊಯ್ಸ್ಕೊಂಡಾಗ ಒಬ್ರೂ ತಟ್ಲಿಲ್ಲ!" ಎಂದು ಅಜ್ಜಿ ಒಳಗಿನಿಂದಲೇ ಗೊಣಗಿದರು.

ಇನ್ನು ಮುಂದೆ ಕಟ್ಟಿಕೊಳ್ಳುವ ಮನಸ್ಸಾದರೆ ಮೂರು ದಿನ ಮೊದಲೇ ಲಿಖಿತ ಸೂಚನೆ ಕೊಡಬೇಕೆಂದೂ, ರಜೆಯನ್ನು ನಾವೆಲ್ಲ ಪ್ರವಾಸಕ್ಕೆ ಹೋದಾಗ ಮಾತ್ರ ತೆಗೆದುಕೊಳ್ಳಬೇಕೆಂದೂ, ಸಾಧ್ಯವಾದರೆ ಮಲ್ಲಿಗೆಯ ಪರಿಮಳ ಸೂಸಬೇಕೆಂದೂ ಬೇಡಿಕೊಳ್ಳುವ,

ದಿನಕ್ಕೊಮ್ಮೆಯಾದರೂ ತಮ್ಮನ್ನು ನೆನೆಯಲೇಬೇಕಾದ
ತಮ್ಮ ವಿಶ್ವಾಸಿ

ವಿ.ಸೂ.: ಸುದ್ದಿ ಹಬ್ಬಿ, ಎದುರುಮನೆಯವರು ನಾಳೆ ಅವರ ಕೊಳವೆ ನೋಡಲು ಕರೆದಿದ್ದಾರೆ. ಪದವಿ ಪಡೆದ ಮೇಲೆ ನನಗೆ ಬಂದ ಮೊದಲ ಕರೆ ಇದು. ತಾವೊಂದು ಶಿಫಾರಸು ಪತ್ರ ದಯಪಾಲಿಸಿದರೆ ಉಪಕಾರ. ನನ್ನ ಪ್ರಾಧ್ಯಾಪಕರಂತೆ ಅದನ್ನು ವರ್ಷಗಟ್ಟಲೆ ಒಳಗೇ ಇಟ್ಟುಕೊಳ್ಳಬೇಡಿ.